ಟಿ-55 ಟ್ಯಾಂಕ್ ಮಾಡೆಲ್‌ಗೆ ಬಣ್ಣ, ಧೂಳು, ಕೆಸರು: ಶುರುವಿನಿಂದ ಕೊನೆವರೆಗೆ

ಟ್ಯಾಂಕ್ ಮಾಡೆಲ್‌ಗೆ ಹಸಿರು ಬಣ್ಣ ಬಳಿಯುವುದು ಒಂದು ಸಂಜೆಯ ಕೆಲಸ. ಆ ಹಸಿರು ಪ್ಲಾಸ್ಟಿಕ್ ತುಂಡನ್ನು 36 ಟನ್ ತೂಕದ ಗಾಡಿಯಂತೆ ಕಾಣಿಸುವುದಕ್ಕೆ ಎರಡು ಮೂರು ವಾರ ಬೇಕು. ಈ ಎರಡನೇ ಕೆಲಸವನ್ನೇ ಮಾಡೆಲ್ ಮಾಡುವವರು ವೆದರಿಂಗ್ ಅನ್ನುತ್ತಾರೆ. ಬಿಸಿಲು, ಮಳೆ, ಡೀಸೆಲ್, ಸೈನಿಕರ ಬೂಟು, ನೆಲದ ಮಣ್ಣು, ಇವೆಲ್ಲ ಗಾಡಿಯ ಮೇಲೆ ಬಿಟ್ಟುಹೋದ ಗುರುತುಗಳನ್ನು ಬಣ್ಣದಲ್ಲಿ ತೋರಿಸುವುದು.

ನಾನು ಇಲ್ಲಿ ಒಂದೇ ಗಾಡಿಯನ್ನು ಹಿಡಿದುಕೊಂಡು ಹೇಳುತ್ತೇನೆ. 1971ರ ಡಿಸೆಂಬರ್‌ನಲ್ಲಿ ಜಮ್ಮು ಭಾಗದ ಛಂಬ್‌ನಲ್ಲಿ ಹೋರಾಡಿದ ಭಾರತೀಯ ಸೇನೆಯ ಟಿ-55. ಕಿಟ್ (ಜೋಡಿಸುವ ತುಂಡುಗಳ ಪೆಟ್ಟಿಗೆ) ತಮಿಯಾ ಕಂಪನಿಯ 1/35 ಅಳತೆಯದು, ಅಂದರೆ ನಿಜದ ಗಾಡಿಯ ಮೂವತ್ತೈದರಲ್ಲಿ ಒಂದು ಪಾಲು. ನಿಮ್ಮ ಹತ್ತಿರ ಶೆರ್ಮನ್ ಇರಲಿ, ಟಿ-34 ಇರಲಿ, ಕ್ರಮ ಇದೇ. ಮಣ್ಣಿನ ಬಣ್ಣ ಮಾತ್ರ ಬದಲಾಗುತ್ತದೆ.

ಬಣ್ಣದ ಡಬ್ಬಿ ತೆರೆಯುವ ಮೊದಲು

ಮೂರು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ. ಈ ಗಾಡಿ ಎಲ್ಲಿತ್ತು? ಯಾವ ಕಾಲದಲ್ಲಿ? ಅಲ್ಲಿ ಎಷ್ಟು ದಿನ ಓಡಿತ್ತು?

ನಾನು ಮೊದಲ ಸಲ ಟಿ-55 ಮಾಡಿದಾಗ ಇದನ್ನು ಕೇಳಿಕೊಳ್ಳಲಿಲ್ಲ. ಕಣ್ಣಿಗೆ ಪರಿಚಯವಿದ್ದ ಮಣ್ಣು ನಮ್ಮ ಕೆಮ್ಮಣ್ಣು. ಅದನ್ನೇ ಚಕ್ರಕ್ಕೆ, ಚೈನಿಗೆ, ಮಡ್‌ಗಾರ್ಡಿಗೆ ಹಚ್ಚಿದೆ. ನೋಡೋಕೆ ಚೆನ್ನಾಗಿಯೇ ಇತ್ತು. ಆದರೆ ಅದು ಮುನಾವರ್ ತವಿ ನದಿ ದಾಟಲು ಹೊರಟ ಟ್ಯಾಂಕ್ ಆಗಿರಲಿಲ್ಲ, ಸಂಡೂರಿನ ಗಣಿಯಿಂದ ಬಂದ ಗಾಡಿಯಾಗಿತ್ತು. ಛಂಬ್‌ನ ಬಯಲಿನದು ನದಿ ತಂದು ಹಾಕಿದ ಮಣ್ಣು. ಬೂದು ಬೆರೆತ ತಿಳಿ ಕಂದು. ಒಣಗಿದರೆ ಇನ್ನೂ ಬಿಳಚಿಕೊಳ್ಳುತ್ತದೆ. ಪೂರ್ತಿ ಮಾಡೆಲ್ಲಿನ ಬಣ್ಣವನ್ನು ನಾನು ತೊಳೆದು ತೆಗೆಯಬೇಕಾಯಿತು.

ಎಷ್ಟು ದಿನ ಅನ್ನುವುದೂ ಅಷ್ಟೇ ಮುಖ್ಯ. ಪಶ್ಚಿಮ ಗಡಿಯ ಯುದ್ಧ ಡಿಸೆಂಬರ್ 3ರ ಸಂಜೆ ಶುರುವಾಯಿತು, 17ಕ್ಕೆ ನಿಂತಿತು. ಎರಡೇ ವಾರ. ಎರಡು ವಾರದಲ್ಲಿ ದಪ್ಪ ಉಕ್ಕಿಗೆ ಹಕ್ಕಳೆ ಹಕ್ಕಳೆ ತುಕ್ಕು ಹಿಡಿಯುವುದಿಲ್ಲ. ಧೂಳು ಸಿಕ್ಕಾಪಟ್ಟೆ ಕೂರುತ್ತದೆ, ಬಣ್ಣ ಕಿತ್ತುಬರುತ್ತದೆ, ಮಸಿ ಹಿಡಿಯುತ್ತದೆ, ಡೀಸೆಲ್ ಚೆಲ್ಲುತ್ತದೆ. ಹೊಸಬರು ಮಾಡುವ ಮಾಡೆಲ್‌ಗಳಲ್ಲಿ ನಾನು ಜಾಸ್ತಿ ಕಾಣುವ ತಪ್ಪು ತುಕ್ಕು. ಓಡುತ್ತಿರುವ ಗಾಡಿಯನ್ನು ಗುಜರಿ ಅಂಗಡಿಯ ಗಾಡಿ ಮಾಡಿಬಿಡುತ್ತಾರೆ.

ನಿಜವಾದ ಗಾಡಿ ನೋಡಬೇಕು ಅಂದರೆ ಮಡಿಕೇರಿಗೆ ಹೋಗಿ. ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ ಈಗ ಮ್ಯೂಸಿಯಂ. ಅದರ ಅಂಗಳದಲ್ಲಿ ಒಂದು ಟಿ-55 ನಿಂತಿದೆ. ಪ್ರದರ್ಶನಕ್ಕೆ ಇಟ್ಟ ಟ್ಯಾಂಕಿಗೆ ಮತ್ತೆ ಮತ್ತೆ ಪೇಂಟ್ ಹೊಡೆಯುತ್ತಾರೆ, ಹಾಗಾಗಿ ಬಣ್ಣಕ್ಕೆ ಅದನ್ನು ನೆಚ್ಚಿಕೊಳ್ಳಬೇಡಿ. ಎರಕ ಹೊಯ್ದ ಗೋಪುರದ (ಫಿರಂಗಿ ಇರುವ, ತಿರುಗುವ ಮೇಲ್ಭಾಗ) ಮೈ ಎಷ್ಟು ಒರಟು, ಬೆಸುಗೆ ಹಾಕಿದ ಜಾಗ ಹೇಗೆ ಉಬ್ಬಿದೆ, ಚೈನು ಹೇಗೆ ಜೋತುಬಿದ್ದಿದೆ, ಇದನ್ನು ನೋಡಿ ಬನ್ನಿ. ಕೊಳೆ ಹೇಗೆ ಹಿಡಿಯುತ್ತದೆ ಅನ್ನುವುದಕ್ಕೆ ರಸ್ತೆ ಕೆಲಸಕ್ಕೆ ಬಂದ ಇಟಾಚಿಗಿಂತ ಒಳ್ಳೆ ಗುರು ಇಲ್ಲ.

ಜೋಡಣೆ ಮತ್ತು ತೊಳೆಯುವುದು

ಎಲ್ಲವನ್ನೂ ಒಂದೇ ಸಲ ಅಂಟಿಸಬೇಡಿ. ಒಡಲು, ಗೋಪುರ, ಚಕ್ರಗಳು, ಚೈನು, ಹಿಂದಿನ ಎರಡು ಡೀಸೆಲ್ ಡ್ರಮ್ಮು, ಇವನ್ನು ಬೇರೆ ಬೇರೆ ಇಟ್ಟುಕೊಳ್ಳಿ. ಚಕ್ರಗಳನ್ನು ಹಲ್ಲುಕಡ್ಡಿಗೆ ಸಿಕ್ಕಿಸಿದರೆ ಹಿಡಿಯೋಕೆ ಸುಲಭ.

ಗೋಪುರದ ಮೈಗೆ ಎರಕದ ಒರಟು ತರಬೇಕು. ದಪ್ಪ ಪ್ರೈಮರನ್ನೋ ತೆಳು ಮಾಡಿದ ಪುಟ್ಟಿಯನ್ನೋ ಗಡುಸು ಬ್ರಷ್ಷಿನಿಂದ ಕುಟ್ಟುತ್ತಾ ಹಚ್ಚಿ. ಒಣಗಿದ ಮೇಲೆ 600 ನಂಬರಿನ ಮರಳು ಕಾಗದದಲ್ಲಿ ಒಂದೇ ಸಲ ಮೆಲ್ಲಗೆ ಸವರಿ. ಒಡಲಿನ ತಗಡು ರೋಲ್ ಮಾಡಿದ್ದು, ಅದು ನುಣುಪಾಗಿಯೇ ಇರಲಿ. ಈ ವ್ಯತ್ಯಾಸ ಆಮೇಲೆ ವಾಶ್ (ತೆಳು ಮಾಡಿದ ಬಣ್ಣದ ನೀರು) ಹಾಕುವಾಗ ತಾನಾಗಿಯೇ ಎದ್ದು ಕಾಣುತ್ತದೆ.

ಛಂಬ್‌ನ ಗಾಡಿಗೆ ಇನ್ನೊಂದು ಕೆಲಸ ಇದೆ. ಎದುರಿಗಿದ್ದ ಪಾಕಿಸ್ತಾನದ ಟ್ಯಾಂಕುಗಳಲ್ಲಿ ಟೈಪ್-59 ಇದ್ದವು. ಅವು ಚೀನಾದಲ್ಲಿ ಟಿ-54ರ ಅಚ್ಚಿನಲ್ಲೇ ತಯಾರಾದವು. ದೂರದಿಂದ ನೋಡಿದರೆ ನಮ್ಮ ಟಿ-54, ಟಿ-55ಕ್ಕೂ ಅದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ತಮ್ಮವರ ಗುಂಡಿಗೇ ಬಲಿಯಾಗಬಾರದು ಅಂತ ಭಾರತೀಯ ಗಾಡಿಗಳ ಫಿರಂಗಿ ಕೊಳವೆಯ ನಡುವೆ ಒಂದು ಸುಳ್ಳು ಉಬ್ಬು ಹಾಕಿದರು. ಬ್ರಿಟನ್ನಿನ ಸೆಂಚುರಿಯನ್ ಟ್ಯಾಂಕಿಗೆ ಗುಂಡಿನ ಹೊಗೆ ಎಳೆಯುವ ಉಬ್ಬು ಇರುವುದು ಅಲ್ಲೇ. ಟಿ-55ರ ನಿಜವಾದ ಉಬ್ಬು ಕೊಳವೆಯ ತುದಿಯಲ್ಲಿರುತ್ತದೆ. ಮಾಡೆಲ್ಲಿನಲ್ಲಿ ಇದನ್ನು ತರುವುದು ಸುಲಭ. ಮಾಸ್ಕಿಂಗ್ ಟೇಪನ್ನು ಕೊಳವೆಯ ಸುತ್ತ ಬಿಗಿಯಾಗಿ ಸುತ್ತಿ. ಮೇಲೆ ತೆಳ್ಳಗೆ ಸೂಪರ್ ಗ್ಲೂ ಹಚ್ಚಿ, ಒಣಗಿದ ಮೇಲೆ ತಿಕ್ಕಿ ನುಣುಪು ಮಾಡಿ. ಉದ್ದ, ದಪ್ಪಕ್ಕೆ ಆಗಿನ ಫೋಟೋ ನೋಡಿಕೊಳ್ಳಿ. ಇದೊಂದು ಇದ್ದರೆ ಗೊತ್ತಿದ್ದವರು ಇದು 1971ರ ನಮ್ಮ ಗಾಡಿ ಅಂತ ತಕ್ಷಣ ಗುರುತಿಸುತ್ತಾರೆ.

ಜೋಡಿಸಿದ ಮೇಲೆ ಪಾತ್ರೆ ತೊಳೆಯುವ ಸೋಪು ಎರಡು ಹನಿ, ಉಗುರುಬೆಚ್ಚಗಿನ ನೀರು, ಹಳೆ ಟೂತ್‌ಬ್ರಷ್. ಮೆಲ್ಲಗೆ ತೊಳೆದು ಒಂದು ರಾತ್ರಿ ಒಣಗಲು ಬಿಡಿ. ಕೈಯ ಎಣ್ಣೆ ಉಳಿದ ಕಡೆ ಬಣ್ಣ ಹಿಡಿಯುವುದಿಲ್ಲ.

ಪ್ರೈಮರ್

ಪ್ರೈಮರ್ ಬಿಡಬೇಡಿ. ನಾನು ಕಡು ಬೂದು ಬಣ್ಣದ್ದನ್ನು ಬಳಸುತ್ತೇನೆ. ಎರಡು ತೆಳು ಕೋಟು, ನಡುವೆ ಹದಿನೈದು ನಿಮಿಷ. ಕಿಟಕಿ ತೆಗೆದಿರಲಿ, ಪೇಂಟ್ ಹೊಗೆ ತಡೆಯುವ ಮಾಸ್ಕ್ ಹಾಕಿಕೊಳ್ಳಿ. ಬಟ್ಟೆ ಮಾಸ್ಕ್ ಸಾಲದು.

ಮಳೆಗಾಲದ ಬಗ್ಗೆ ಒಂದು ಮಾತು. ಮಲೆನಾಡು, ಕರಾವಳಿಯವರು ಇದನ್ನು ಗಮನಿಸಬೇಕು. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಲ್ಯಾಕರ್ ಸ್ಪ್ರೇ ಹೊಡೆದರೆ ಬಿಳಿ ಮಂಜು ಕೂತಂತೆ ಆಗುತ್ತದೆ. ಬೇಗ ಆವಿಯಾಗುವ ಥಿನ್ನರ್ ಆ ಜಾಗವನ್ನು ತಣ್ಣಗೆ ಮಾಡುತ್ತದೆ, ಗಾಳಿಯ ತೇವ ಅಲ್ಲೇ ಹನಿಗಟ್ಟುತ್ತದೆ. ಜುಲೈ ತಿಂಗಳ ಒಂದು ಸಂಜೆ ನನ್ನ ಒಂದು ಗೋಪುರ ಪೂರ್ತಿ ಹೀಗೆ ಹಾಳಾಯಿತು. ಈಗ ಮಳೆ ಇದ್ದರೆ ಬಿಸಿಲು ಬರುವ ತನಕ ಕಾಯುತ್ತೇನೆ. ಕಾಯಲು ಆಗದಿದ್ದರೆ ನೀರಿನಲ್ಲಿ ಕರಗುವ ಅಕ್ರಿಲಿಕ್ ಪ್ರೈಮರ್ ಹೊಡೆಯುತ್ತೇನೆ.

ಹಸಿರು

ಏರ್‌ಬ್ರಷ್ (ಗಾಳಿಯಿಂದ ಬಣ್ಣ ಸಿಂಪಡಿಸುವ ಸಾಧನ) ಇದ್ದರೆ 0.3 ಮಿ.ಮೀ. ಸೂಜಿ, ಗಾಳಿಯ ಒತ್ತಡ ಸುಮಾರು 15 ಪಿಎಸ್‌ಐ. ಬಣ್ಣ ಮತ್ತು ಥಿನ್ನರ್ ಸಮ ಸಮ. ಹದ ನೀರುಮಜ್ಜಿಗೆಯಂತಿರಬೇಕು, ಲೋಟದ ಗೋಡೆಗೆ ಹತ್ತಿ ಮೆಲ್ಲಗೆ ಇಳಿಯಬೇಕು. ಐದಾರು ಸೆಂಟಿಮೀಟರ್ ದೂರದಿಂದ ಹೊಡೆಯಿರಿ. ಏರ್‌ಬ್ರಷ್ ಇಲ್ಲ ಅಂತ ಕೈಬಿಡಬೇಡಿ. ಅಗಲ ಮೆತ್ತನೆ ಬ್ರಷ್ಷಿನಲ್ಲಿ ನಾಲ್ಕು ತೆಳು ಕೋಟು ಹಾಕಿದರೂ ಆಗುತ್ತದೆ. ವೆದರಿಂಗ್ ಮುಗಿದ ಮೇಲೆ ಬ್ರಷ್ ಗೆರೆ ಯಾರಿಗೂ ಕಾಣುವುದಿಲ್ಲ.

ನಾನು ತಮಿಯಾದ ಎಕ್ಸ್‌ಎಫ್-61 ಕಡು ಹಸಿರಿಗೆ ಎಕ್ಸ್‌ಎಫ್-62 ಆಲಿವ್ ಡ್ರಾಬ್ ಬೆರೆಸುತ್ತೇನೆ. ಎರಡು ಪಾಲಿಗೆ ಒಂದು ಪಾಲು. ಆಮೇಲೆ ಅದಕ್ಕೆ ಹತ್ತಿಪ್ಪತ್ತು ಹನಿ ಬಫ್ (ತಿಳಿ ಮಣ್ಣಿನ) ಬಣ್ಣ ಹಾಕಿ ತಿಳಿ ಮಾಡುತ್ತೇನೆ. ಚಿಕ್ಕ ವಸ್ತುವಿನ ಮೇಲೆ ಕಡು ಬಣ್ಣ ಇನ್ನೂ ಕಪ್ಪಾಗಿ ಕಾಣುತ್ತದೆ. ಆಮೇಲೆ ಬರುವ ವಾಶ್ ಅದನ್ನು ಮತ್ತಷ್ಟು ಕತ್ತಲು ಮಾಡುತ್ತದೆ. ಅದಕ್ಕೇ ಈಗ ಕಣ್ಣಿಗೆ ಸ್ವಲ್ಪ ಜಾಸ್ತಿ ತಿಳಿ ಅನ್ನಿಸುವ ಹಸಿರೇ ಸರಿ.

ಕೆಳಗಿನಿಂದ ಶುರು ಮಾಡಿ. ಒಡಲಿನ ತಳ, ಚಕ್ರದ ಹಿಂಬದಿ, ಗೋಪುರದ ಅಡಿಯ ನೆರಳಿನಲ್ಲಿ ಪ್ರೈಮರಿನ ಕಡು ಬೂದು ಇಣುಕುತ್ತಿರಲಿ. ಗೋಪುರದ ನೆತ್ತಿ, ಇಂಜಿನ್ ಮುಚ್ಚಳ, ಮಡ್‌ಗಾರ್ಡಿನ ಮೇಲ್ಮೈಗೆ ಅದೇ ಹಸಿರಿಗೆ ಇನ್ನಷ್ಟು ಬಫ್ ಸೇರಿಸಿ, ತಗಡಿನ ನಡುವಿಗೆ ಮಾತ್ರ ಹೊಡೆಯಿರಿ. ಅಂಚು ಕಡುವಾಗಿಯೇ ಇರಲಿ. ಬಿಸಿಲು ಬೀಳುವುದು ಈ ಮೇಲ್ಮೈಗಳ ನಡುವಿಗೇ ಅಲ್ವಾ.

ಚಕ್ರದ ರಬ್ಬರಿಗೆ ಪೂರ್ತಿ ಕಪ್ಪು ಬೇಡ. ಕಪ್ಪಿಗೆ ಬೂದು ಬೆರೆತ ಬಣ್ಣ. ಹಿಂದೆ ಕಟ್ಟಿರುವ ಮರದ ದಿಮ್ಮಿಗೆ ತಿಳಿ ಕಂದು ಹಚ್ಚಿ, ಒಣಗಿದ ಮೇಲೆ ಕಡು ಕಂದಿನ ತೆಳು ನೀರು. ಗಾಡಿ ಹೂತುಹೋದಾಗ ಚೈನಿನ ಅಡಿಗೆ ಕೊಡುವ ದಿಮ್ಮಿ ಅದು, ತೊಗಟೆ ಇರಲಿ.

ಹೊಳಪು ವಾರ್ನಿಷ್, ಡೆಕಾಲ್

ಬಣ್ಣ ಒಂದು ದಿನ ಒಣಗಲಿ. ಆಮೇಲೆ ಹೊಳಪಿನ ವಾರ್ನಿಷ್, ಎರಡು ತೆಳು ಕೋಟು. ಮ್ಯಾಟ್, ಅಂದರೆ ಹೊಳಪಿಲ್ಲದ, ಬಣ್ಣದ ಮೇಲೆ ಡೆಕಾಲ್ (ನಂಬರು, ಗುರುತು ಇರುವ ತೆಳು ಸ್ಟಿಕ್ಕರ್) ಕೂರಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಗೆ ಮಿನುಗುತ್ತದೆ. ನಂಬರು, ರೆಜಿಮೆಂಟಿನ ಗುರುತು ಇವೆಲ್ಲ ಒಂದೇ ಗಾಡಿಯ ಫೋಟೋದಿಂದ ಬರಲಿ. ಛಂಬ್‌ನಲ್ಲಿ 72 ಆರ್ಮರ್ಡ್ ರೆಜಿಮೆಂಟಿನ ಟಿ-55 ಇದ್ದವು, ಡೆಕ್ಕನ್ ಹಾರ್ಸ್ ರೆಜಿಮೆಂಟಿನ ಟಿ-54 ಇದ್ದವು. ಒಂದರ ಗುರುತು ಇನ್ನೊಂದಕ್ಕೆ ಹಾಕಬೇಡಿ. ಆ ಗಾಡಿಗಳಲ್ಲಿ ಸತ್ತವರಿದ್ದಾರೆ. ಇಷ್ಟು ಜಾಗ್ರತೆ ಅವರಿಗೆ ಸಲ್ಲಬೇಕು.

ಪಿನ್ ವಾಶ್

ಇಲ್ಲಿಂದ ಗಾಡಿಗೆ ಜೀವ ಬರಲು ಶುರು. ಸ್ಟೇಷನರಿ ಅಂಗಡಿಯ ಆಯಿಲ್ ಕಲರ್ ಟ್ಯೂಬ್ ಸಾಕು, ವಿದೇಶದ ಬಾಟಲಿ ಬೇಕಿಲ್ಲ. ಬರ್ಂಟ್ ಅಂಬರ್ (ಕಡು ಕಂದು) ಮೂರು ಪಾಲು, ಕಪ್ಪು ಒಂದು ಪಾಲು. ಟ್ಯೂಬಿನಿಂದ ಹಿಂಡಿ ರಟ್ಟಿನ ಮೇಲೆ ಅರ್ಧ ಗಂಟೆ ಬಿಡಿ. ರಟ್ಟು ಎಣ್ಣೆಯನ್ನು ಹೀರಿಕೊಳ್ಳುತ್ತದೆ, ಬಣ್ಣ ಹೊಳಪಿಲ್ಲದೆ ಒಣಗುತ್ತದೆ. ಆಮೇಲೆ ವೈಟ್ ಸ್ಪಿರಿಟ್ ಅಥವಾ ವಾಸನೆಯಿಲ್ಲದ ಥಿನ್ನರಿನಲ್ಲಿ ಕದಡಿ ಬಣ್ಣದ ನೀರು ಮಾಡಿಕೊಳ್ಳಿ. ಟರ್ಪಂಟೈನ್ ಸ್ವಲ್ಪ ಖಾರ. ಅದನ್ನು ಬಳಸುವುದಾದರೆ ಮೊದಲು ಗಾಡಿಯ ತಳದಲ್ಲಿ ಹಚ್ಚಿ ನೋಡಿ.

ಸಣ್ಣ ಬ್ರಷ್ಷಿನ ತುದಿಯನ್ನು ಅದ್ದಿ, ಒಂದು ಬೋಲ್ಟಿನ ಬುಡಕ್ಕೆ ಮುಟ್ಟಿಸಿ. ಅಷ್ಟೇ. ಬಣ್ಣ ತಾನೇ ಗೆರೆ ಹಿಡಿದು ಓಡುತ್ತದೆ. ಮುಚ್ಚಳದ ಸುತ್ತ ಒಂದೇ ಸ್ಪರ್ಶಕ್ಕೆ ಅರ್ಧ ಸುತ್ತು ಹೋಗಿಬಿಡುತ್ತದೆ. ಇದನ್ನು ಮೊದಲ ಸಲ ನೋಡಿದ ದಿನ ನಾನು ರಾತ್ರಿ ಎರಡರವರೆಗೆ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಬೆಸುಗೆಯ ಗೆರೆ, ಬೋಲ್ಟು, ಮುಚ್ಚಳದ ಸಂದು, ಕೈಹಿಡಿಯ ಬುಡ, ಇಷ್ಟಕ್ಕೆ ಮಾತ್ರ ಹಾಕಿ. ಇಡೀ ಗಾಡಿಗೆ ಬಳಿಯಬೇಡಿ.

ಇಪ್ಪತ್ತು ನಿಮಿಷ ಬಿಟ್ಟು, ಇಯರ್‌ಬಡ್ಡನ್ನು ಥಿನ್ನರಿನಲ್ಲಿ ಅದ್ದಿ ಚೆನ್ನಾಗಿ ಒರೆಸಿಕೊಂಡು, ಹೊರಗೆ ಚೆಲ್ಲಿದ್ದನ್ನು ತೆಗೆಯಿರಿ. ನಿಂತ ತಗಡಿನ ಮೇಲೆ ಯಾವಾಗಲೂ ಮೇಲಿನಿಂದ ಕೆಳಕ್ಕೆ ಒರೆಸಿ. ಮಳೆ ನೀರು ಇಳಿಯುವುದು ಹಾಗೇ. ಮುಗಿದ ಮೇಲೆ ಒಂದು ಪೂರ್ತಿ ದಿನ ಮುಟ್ಟಬೇಡಿ.

ಚುಕ್ಕೆ ಎಳೆಯುವುದು

ಅದೇ ಆಯಿಲ್ ಕಲರಿನಲ್ಲಿ ಬಿಳಿ, ಯೆಲ್ಲೋ ಓಕರ್, ಕಡು ಕಂದು, ಸ್ವಲ್ಪ ನೀಲಿ ತೆಗೆದುಕೊಳ್ಳಿ. ಮೊದಲು ಮ್ಯಾಟ್ ವಾರ್ನಿಷ್ ಒಂದು ಕೋಟು ಹೊಡೆದು ಒಣಗಿಸಿ, ಬಣ್ಣ ಹಿಡಿಯಲು ಅದು ಬೇಕು. ಒಂದು ತಗಡು ಹಿಡಿದುಕೊಂಡು ಹಲ್ಲುಕಡ್ಡಿಯಿಂದ ಸಾಸಿವೆಗಿಂತ ಚಿಕ್ಕ ಚುಕ್ಕೆಗಳನ್ನು ಇಡಿ. ಮೇಲ್ಭಾಗಕ್ಕೆ ಬಿಳಿ, ಓಕರ್ ಜಾಸ್ತಿ. ನೆರಳಿನ ಕಡೆ ನೀಲಿ, ಕಂದು ಜಾಸ್ತಿ. ಚಪ್ಪಟೆ ಬ್ರಷ್ಷನ್ನು ಥಿನ್ನರಿನಲ್ಲಿ ಬರೀ ಒದ್ದೆ ಮಾಡಿ, ಮೇಲಿನಿಂದ ಕೆಳಕ್ಕೆ ಎಳೆಯುತ್ತಾ ಹೋಗಿ, ಚುಕ್ಕೆ ಮಾಯವಾಗುವವರೆಗೆ. ಬಣ್ಣ ಹೋಗುತ್ತದೆ, ಛಾಯೆ ಉಳಿಯುತ್ತದೆ. ಒಂದೇ ಹಸಿರು ಈಗ ಹತ್ತು ಹಸಿರಾಗಿ ಕಾಣುತ್ತದೆ. ನನ್ನ ಕೇಳಿದರೆ ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಡುವ ಹಂತ ಇದು. ಇದಕ್ಕೆ ಎರಡು ಸಂಜೆ ಕೊಡಿ.

ಬಣ್ಣ ಕಿತ್ತ ಗುರುತು

ಒಂದು ಲೆಕ್ಕ ಗೋಡೆಗೆ ಅಂಟಿಸಿಕೊಳ್ಳಿ. 1/35 ಅಳತೆಯಲ್ಲಿ 1 ಮಿ.ಮೀ. ಅಂದರೆ ನಿಜದಲ್ಲಿ 3.5 ಸೆಂ.ಮೀ. ನೀವು ಇಡುವ ಅಕ್ಕಿ ಕಾಳಿನಷ್ಟು ಚಿಪ್ಪು, ಅಂದರೆ ಬಣ್ಣ ಕಿತ್ತ ಗುರುತು, ನಿಜದ ಟ್ಯಾಂಕಿನಲ್ಲಿ ಒಂದು ಗೇಣು ಬಣ್ಣ ಎದ್ದಂತೆ.

ಪಾತ್ರೆ ತಿಕ್ಕುವ ಸ್ಪಂಜನ್ನು ಕಡಲೆ ಗಾತ್ರಕ್ಕೆ ಹರಿದು ಚಿಮಟದಲ್ಲಿ ಹಿಡಿಯಿರಿ. ಮೊದಲು ಗಾಡಿಯ ಹಸಿರಿಗಿಂತ ತಿಳಿಯಾದ ಹಸಿರು. ಅದ್ದಿ, ಕಾಗದಕ್ಕೆ ಒತ್ತಿ ಒತ್ತಿ ಖಾಲಿ ಮಾಡಿ, ಆಮೇಲೆ ಗಾಡಿಗೆ ಮುಟ್ಟಿಸಿ. ಇದು ಬರೀ ಮೇಲ್ಪದರ ತರಚಿದ ಗುರುತು. ಇದರಲ್ಲಿ ಕೆಲವದರ ಒಳಗೆ ಮಾತ್ರ, ಸಣ್ಣ ಬ್ರಷ್ಷಿನಲ್ಲಿ, ಕಪ್ಪು ಬೆರೆತ ಕಡು ಕಂದು. ಅದು ಉಕ್ಕಿನ ತನಕ ಹೋದ ಗಾಯ.

ಎಲ್ಲಿ ಹಾಕಬೇಕು? ನೀವೇ ಆ ಗಾಡಿ ಹತ್ತಿ ನೋಡಿ, ಮನಸ್ಸಿನಲ್ಲಿ. ಚಾಲಕ ಮುಂದೆ ಎಡಗಡೆ ಇಳಿಯುತ್ತಾನೆ. ಅವನ ಬೂಟು ಇಡುವ ಜಾಗ ಯಾವುದು? ಕಮಾಂಡರ್ ಮತ್ತು ಗುಂಡು ತುಂಬುವವನ ಮುಚ್ಚಳದ ಅಂಚು ದಿನಕ್ಕೆ ಎಷ್ಟು ಸಲ ಉಜ್ಜುತ್ತದೆ? ಮಡ್‌ಗಾರ್ಡಿನ ಮುಂದಿನ ಮೂಲೆ ಗಿಡಕ್ಕೆ, ಬದುವಿಗೆ ತಾಗುತ್ತದೆ. ಅಲ್ಲೆಲ್ಲ ಇರಲಿ. ಯಾರೂ ಕಾಲಿಡದ, ಏನೂ ತಾಗದ ಗೋಪುರದ ಕೆನ್ನೆಯ ನಡುವೆ ಚಿಪ್ಪು ಇದ್ದರೆ ಅದಕ್ಕೆ ಕಾರಣ ಇಲ್ಲ. ಕಾರಣ ಇಲ್ಲದ ಗುರುತನ್ನು ತೆಗೆದುಬಿಡಿ.

ಚೈನು

ರಸ್ತೆ ಬದಿಯ ಇಟಾಚಿಯ ಹತ್ತಿರ ಬಗ್ಗಿ ನೋಡಿ. ನೆಲಕ್ಕೆ ತಾಗುವ ಉಬ್ಬುಗಳು ಬೆಳ್ಳಿಯಂತೆ ಹೊಳೆಯುತ್ತವೆ. ಉಬ್ಬುಗಳ ನಡುವಿನ ಸಂದಿನಲ್ಲಿ ಮಣ್ಣು ಗಟ್ಟಿಯಾಗಿ ಮೆತ್ತಿರುತ್ತದೆ. ಒಳಮೈಯಲ್ಲಿ ಚಕ್ರ ಉರುಳುವ ದಾರಿ ಸವೆದು ನುಣುಪಾಗಿರುತ್ತದೆ. ಕೆಲಸ ನಿಲ್ಲಿಸಿ ಎರಡು ದಿನವಾದರೆ ಹೊಳಪಿನ ಮೇಲೆ ಕಿತ್ತಳೆ ಛಾಯೆ ಸಣ್ಣಗೆ ಮೂಡಿರುತ್ತದೆ. ಟ್ಯಾಂಕಿನದೂ ಇದೇ ಕಥೆ.

ಕಂದು ಬೆರೆತ ಕಡು ಬೂದು ಹೊಡೆಯಿರಿ. ಕಡು ಕಂದಿನ ವಾಶ್ ಧಾರಾಳವಾಗಿ ಹಾಕಿ, ಇಲ್ಲಿ ಜಿಪುಣತನ ಬೇಡ. ಒಣಗಿದ ಮೇಲೆ ಸಂದುಗಳಿಗೆ ಮಣ್ಣಿನ ಬಣ್ಣದ ಪುಡಿ (ಮಾಡುವ ಬಗೆ ಕೊನೆಯ ಭಾಗದಲ್ಲಿದೆ) ತುಂಬಿ ವೈಟ್ ಸ್ಪಿರಿಟ್‌ನ ಒಂದು ಹನಿ ಬಿಡಿ. ಕೊನೆಗೆ 6ಬಿ ಪೆನ್ಸಿಲ್ಲನ್ನು ಅಡ್ಡ ಹಿಡಿದು ಹೊರಗಿನ ಉಬ್ಬುಗಳ ಮೇಲೆ ಉಜ್ಜಿ, ಬೆರಳಿನಿಂದ ತಿಕ್ಕಿ. ಬೆಳ್ಳಿ ಪೇಂಟ್ ಕೊಡದ ಹೊಳಪನ್ನು ಪೆನ್ಸಿಲ್ಲಿನ ಸೀಸ ಕೊಡುತ್ತದೆ.

ಟಿ-55ಕ್ಕೆ ಮೇಲಿನ ಚೈನನ್ನು ಹೊರುವ ಸಣ್ಣ ಉರುಳೆಗಳಿಲ್ಲ. ಅದು ಐದು ದೊಡ್ಡ ಚಕ್ರಗಳ ಮೇಲೇ ಒರಗಿರುತ್ತದೆ, ನಡುನಡುವೆ ಜೋಲುತ್ತದೆ. ಬಿಗಿಯಾಗಿ ಎಳೆದು ಕಟ್ಟಿದರೆ ಇಷ್ಟೆಲ್ಲ ಮಾಡಿದ್ದೂ ವ್ಯರ್ಥ. ಚೈನನ್ನು ಚಕ್ರದ ಬೆನ್ನಿಗೆ ಅಲ್ಲಲ್ಲಿ ಅಂಟಿಸಿ.

ಮಸಿ, ಡೀಸೆಲ್

ಸೈಲೆನ್ಸರ್ ಎಡ ಮಡ್‌ಗಾರ್ಡಿನ ಹಿಂಭಾಗದಲ್ಲಿದೆ. ಅದರ ಬಾಯಿಯ ಸುತ್ತ ಕಪ್ಪು, ಹೊರಗೆ ಹೋದಂತೆ ಕಂದು, ಆಮೇಲೆ ಏನೂ ಇಲ್ಲ. ಬ್ರಷ್ಷಿನಲ್ಲಿ ಪುಡಿ ಮೆತ್ತಿದರೆ ಸಾಕು. ತುಕ್ಕು ತೋರಿಸಲೇಬೇಕು ಅನ್ನುವವರಿಗೆ ನ್ಯಾಯವಾದ ಜಾಗವೂ ಇದೇ. ಬಿಸಿಗೆ ಬಣ್ಣ ಸುಟ್ಟುಹೋಗಿರುತ್ತದೆ.

ಡೀಸೆಲ್ ಟ್ಯಾಂಕುಗಳು ಬಲ ಮಡ್‌ಗಾರ್ಡಿನ ಮೇಲೆ, ಡ್ರಮ್ಮು ಹಿಂದೆ. ತುಂಬುವ ಬಾಯಿಯಿಂದ ಚೆಲ್ಲಿದ ಡೀಸೆಲ್ ಕೆಳಗಿಳಿಯುತ್ತದೆ, ಆ ಜಾಗಕ್ಕೆ ಧೂಳು ಅಂಟಿ ಕರಿ ಗೆರೆಯಾಗುತ್ತದೆ. ಕಡು ಕಂದು ಆಯಿಲ್ ಕಲರಿಗೆ ಒಂದು ಹನಿ ಹೊಳಪು ವಾರ್ನಿಷ್ ಬೆರೆಸಿ ಎರಡು ಮೂರು ಗೆರೆ ಎಳೆಯಿರಿ. ಒಂದು ಹಳೆಯದು, ಮಂಕಾಗಿರಲಿ. ಒಂದು ಇವತ್ತಿನದು, ಹೊಳೆಯಲಿ.

ಧೂಳು ಮತ್ತು ಕೆಸರು

ಇದಕ್ಕೆ ಮೊದಲು ಕೊನೆಯ ಮ್ಯಾಟ್ ವಾರ್ನಿಷ್ ಹೊಡೆದುಬಿಡಿ. ಪುಡಿಯ ಮೇಲೆ ವಾರ್ನಿಷ್ ಬಿದ್ದರೆ ಅರ್ಧ ಧೂಳು ಮಾಯವಾಗುತ್ತದೆ. ಡೀಸೆಲ್ಲಿನ ಹೊಸ ಗೆರೆಯನ್ನು ಈ ವಾರ್ನಿಷ್ ಆದ ಮೇಲೆ ಎಳೆದರೆ ಹೊಳಪು ಉಳಿಯುತ್ತದೆ.

ಪಿಗ್ಮೆಂಟ್ (ಒಣ ಬಣ್ಣದ ಪುಡಿ) ಬಾಟಲಿ ದುಬಾರಿ. ಚಿತ್ರ ಬರೆಯುವ ಒಣ ಪೇಸ್ಟಲ್ ಕಡ್ಡಿಗಳನ್ನು ಬ್ಲೇಡಿನಿಂದ ಕೆರೆದು ಪುಡಿ ಮಾಡಿಕೊಂಡರೆ ಹತ್ತು ಟ್ಯಾಂಕಿಗೆ ಆಗುತ್ತದೆ. ಎಣ್ಣೆ ಪೇಸ್ಟಲ್ ಅಲ್ಲ, ಒಣ ಪೇಸ್ಟಲ್. ಛಂಬ್‌ನ ಮಣ್ಣಿಗೆ ತಿಳಿ ಕಂದು ಎರಡು ಪಾಲು, ಬೂದು ಒಂದು ಪಾಲು, ಚಿಟಿಕೆ ಬಿಳಿ. ತೋಟದ ಮಣ್ಣು ಬಳಸುವುದಾದರೆ ತೆಳು ಮಲ್ ಬಟ್ಟೆಯಲ್ಲಿ ಎರಡು ಸಲ ಸೋಸಿ. ಇಲ್ಲದಿದ್ದರೆ ಒಂದೊಂದು ಕಣವೂ 1/35ರಲ್ಲಿ ಕಲ್ಲುಗುಂಡಾಗುತ್ತದೆ.

ಮೂರು ಪದರ. ಮೊದಲನೆಯದು ಹಳೆ ಕೆಸರು, ಒಣಗಿದ್ದು, ಎಲ್ಲಕ್ಕಿಂತ ತಿಳಿ ಬಣ್ಣ. ಪುಡಿ, ಸೋಸಿದ ಮಣ್ಣು, ನೀರು ಬೆರೆಸಿದ ಫೆವಿಕಾಲ್, ಇವನ್ನು ದೋಸೆ ಹಿಟ್ಟಿನ ಹದಕ್ಕೆ ಕಲಸಿ ಒಡಲಿನ ಕೆಳಭಾಗಕ್ಕೆ, ಚಕ್ರಗಳ ಹಿಂದಕ್ಕೆ, ಮಡ್‌ಗಾರ್ಡಿನ ಒಳಗೆ ಕುಟ್ಟಿ. ಎರಡನೆಯದು ಇನ್ನೊಂದಿಷ್ಟು ಕಂದು ಬೆರೆತದ್ದು, ಮೊದಲನೆಯದನ್ನು ಪೂರ್ತಿ ಮುಚ್ಚಬಾರದು. ಗಡುಸು ಬ್ರಷ್ಷಿಗೆ ಹಚ್ಚಿ ಹಲ್ಲುಕಡ್ಡಿಯಿಂದ ಮೀಟಿದರೆ ಸಿಡಿದ ಕೆಸರಾಗುತ್ತದೆ. ಗೋಪುರವನ್ನು ಕಾಗದದಿಂದ ಮುಚ್ಚಿಕೊಳ್ಳಿ. ಮೂರನೆಯದು ಹಸಿ ಕೆಸರು. ಎಲ್ಲಕ್ಕಿಂತ ಕಡು, ಎಲ್ಲಕ್ಕಿಂತ ಕಡಿಮೆ, ಸ್ವಲ್ಪ ಹೊಳಪು ವಾರ್ನಿಷ್ ಸೇರಿದ್ದು. ಚಕ್ರದ ಅಂಚಿಗೆ, ಚೈನಿನ ಸಂದಿಗೆ ಮಾತ್ರ.

ಮೇಲ್ಭಾಗಕ್ಕೆ ಕೆಸರಿಲ್ಲ, ಧೂಳು. ಒಣ ಪುಡಿಯನ್ನು ಮೂಲೆಗಳಿಗೆ, ಸರಂಜಾಮಿನ ಸುತ್ತ, ಮುಚ್ಚಳದ ಬುಡಕ್ಕೆ ಉದುರಿಸಿ. ಬ್ರಷ್ಷಿನಲ್ಲಿ ವೈಟ್ ಸ್ಪಿರಿಟ್ ತೆಗೆದುಕೊಂಡು ಪಕ್ಕಕ್ಕೆ ಮುಟ್ಟಿಸಿ. ಅದು ತಾನೇ ಹರಿದು ಪುಡಿಯನ್ನು ನೆನೆಸಬೇಕು. ಒದ್ದೆಯಾದಾಗ ಎಲ್ಲ ಮಾಯವಾದಂತೆ ಕಾಣುತ್ತದೆ, ಗಾಬರಿಯಿಂದ ಇನ್ನಷ್ಟು ಸುರಿಯಬೇಡಿ. ಅರ್ಧ ಗಂಟೆಯಲ್ಲಿ ಒಣಗಿ ಮತ್ತೆ ಮೇಲೇಳುತ್ತದೆ. ಆಮೇಲೆ ಬೂಟು ಇಡುವ ಜಾಗದ ಧೂಳನ್ನು ಒಣ ಇಯರ್‌ಬಡ್ಡಿನಿಂದ ಒರೆಸಿ ತೆಗೆಯಿರಿ. ಅಲ್ಲಿ ನಿಮ್ಮ ಹಸಿರು, ನೀವು ಹಾಕಿದ ಚಿಪ್ಪುಗಳು ಮತ್ತೆ ಕಾಣಬೇಕು. ಮೂರು ನಾಲ್ಕು ಜನ ಹತ್ತಿಳಿದ ಗಾಡಿ ಅದು ಅಂತ ಗೊತ್ತಾಗುವುದು ಈ ಒರೆಸಿದ ಜಾಗದಿಂದಲೇ.

ಪುಡಿ ಕೂರಿಸಿದ ಮೇಲೆ ಗಾಡಿಯನ್ನು ಬೆರಳಿನಲ್ಲಿ ಮುಟ್ಟುವಂತಿಲ್ಲ, ಮುಟ್ಟಿದರೆ ಗುರುತು ಉಳಿಯುತ್ತದೆ. ತಳಕ್ಕೆ ಎರಡು ಸ್ಕ್ರೂ ಹಾಕಿ ಮರದ ಹಲಗೆಗೆ ಕೂರಿಸಿ, ಹಲಗೆ ಹಿಡಿದೇ ಎತ್ತಿ. ಮೇಲೆ ಅಕ್ರಿಲಿಕ್ ಪೆಟ್ಟಿಗೆ ಮುಚ್ಚಿ. ಮನೆಯ ಧೂಳಿಗೆ ಎಳೆ ಎಳೆ ನಾರು ಇರುತ್ತದೆ, ಅದು ಕೂತರೆ ಛಂಬ್‌ನ ಧೂಳಿನ ಜೊತೆ ಒರೆಸಿಯೇ ತೆಗೆಯಬೇಕಾಗುತ್ತದೆ.